ಎಂಟು ಮಾರು ದೂರ

ಇಬಾದುಲ್ಲಾ ತನ್ನ ಬೀಗದ ಅಂಗಡಿಯನ್ನು
ಮುಳಬಾಗಿಲಿಗೆ ಎತ್ತಿಕೊಂಡು ಹೋದ ಮೇಲೆ
ಮಧ್ಯಾಹ್ನ ಎರಡರಿಂದ ನಾಲ್ಕು
ಯಾರ ಕೈಗಡಿಯಾರಕ್ಕೂ ಸೇರದ ಹೊತ್ತು.

ಹಳೇ ಹಲಗೆ ಇದೆ. ಕಳೆದುಹೋದ ಆನೆಯ ಜಾಗಕ್ಕೆ
ಅಲಾರಂ ಗಡಿಯಾರದ ಕೀ ಇದೆ.
ಎದುರಿನ ಸ್ಟೂಲೂ ಇದೆ.
ಎರಡೂ ಕಡೆ ನಾನೇ ಆಡಿ ನೋಡಿದೆ.
ಕರಿಗೆ ಬಿಳಿಯ ಮನಸ್ಸು ಗೊತ್ತು,
ಬಿಳಿಗೆ ಕರಿಯ ಮೋಸ ಗೊತ್ತು,
ಗಂಡ ಹೆಂಡತಿ ಇಸ್ಪೀಟು ಆಡಿದ ಹಾಗೆ.

ಫೋನಿನಲ್ಲೇ ಆಡಬಹುದಲ್ಲ ಅಂದರು.
ಮೂವತ್ತೆರಡು ವರ್ಷ ಕಣ್ಣಿಗೆ ಲೂಪ್ ಸಿಕ್ಕಿಸಿ
ಕೂದಲಿಗಿಂತ ತೆಳು ಸ್ಪ್ರಿಂಗು ಹಿಡಿದ ಬೆರಳಿಗೆ
ಗಾಜು ಸವರುವುದೂ ಒಂದು ಆಟವೇ?
ಹಿಡಿಯಲು ಕುದುರೆಯ ಕುತ್ತಿಗೆ ಬೇಕು.

ಡೂಂಲೈಟ್ ಸರ್ಕಲ್ ಹತ್ತಿರದ ಸ್ಪೋರ್ಟ್ಸ್ ಅಂಗಡಿಯ ರಘುಪತಿ
ಎಲೆಕ್ಟ್ರಾನಿಕ್ ಹಲಗೆ ಎರಡು ತರಿಸಿಟ್ಟ.
ಒಂದು, ಒತ್ತುವುದು. ಎತ್ತಿದ ಮನೆ ಒತ್ತಬೇಕು, ಇಟ್ಟ ಮನೆ ಒತ್ತಬೇಕು,
ನಡೆಗೆ ಎರಡು ಸಲ ಬಾಗಿಲು ತಟ್ಟಿದಂತೆ.
ಐದೂವರೆ ಸಾವಿರ.
ಇನ್ನೊಂದಕ್ಕೆ ಇಟ್ಟರೆ ಸಾಕು,
ಅಂಚಿನ ಕೆಂಪು ದೀಪ ತನ್ನ ಉತ್ತರ ಹೇಳುತ್ತದೆ,
ತಪ್ಪಿದರೆ ಹಿಂದಕ್ಕೆ ನಡೆಸಿ ಪಾಠ ಮಾಡುತ್ತದೆ.
ಹದಿನಾಲ್ಕು ಸಾವಿರ. ಮರದಂತೆ ಕಾಣುವ ಪ್ಲಾಸ್ಟಿಕ್ಕು.

ಎಷ್ಟು ಮಟ್ಟ? ಎಂದೆ.
ಎಪ್ಪತ್ತೆರಡು ಅಂದ.
ಕೆಳಗಿನ ಮಟ್ಟದಲ್ಲಿ ಬೇಕೆಂದೇ ತಪ್ಪು ಮಾಡುತ್ತಂತೆ.
ಇಬಾದುಲ್ಲಾ ಒಂದು ದಿನವೂ ಮಾಡಲಿಲ್ಲ ಅಂಥ ಉಪಕಾರ.

ದುಬಾರಿಯದನ್ನೇ ತಂದೆ.
ಹೆಂಡತಿಗೆ ಅರ್ಧ ಬೆಲೆ ಹೇಳಿದೆ,
ಅವಳು ಅದರಲ್ಲಿ ಅರ್ಧ ನಂಬಿದಳು.

ನಾಲ್ಕು ದಿನ ಸ್ವರ್ಗ.
ಐದನೆಯ ದಿನ ನಾರಾಯಣಶೆಟ್ಟರು ಬಂದರು,
ಅಂಗೈಯಲ್ಲಿ ಅವರಪ್ಪನ ಕೀ ಗಡಿಯಾರ.
'ಏನ್ರೀ, ಕೊಟ್ಟಾಗ ನಿಧಾನ ಇತ್ತು,
ಈಗ ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ!'
ಅವರ ಹಿಂದೆಯೇ ದೊಡ್ಡಾಸ್ಪತ್ರೆಯ ನರ್ಸಮ್ಮ. ಮೂವತ್ತೈದು.

ದಿಕ್ಸೂಚಿ ತೆಗೆದು ಬೆಂಚಿನ ಮೇಲಿಟ್ಟೆ.
ಮುಳ್ಳು ಉತ್ತರವನ್ನು ಬಿಟ್ಟು
ಬಿಳಿ ಮಂತ್ರಿಯ ಕಡೆ ತಿರುಗಿ ನಿಂತಿತು.

ಕಾಯಿ ತಿರುವಿದೆ. ಹಸಿರು ಬಟ್ಟೆಯಡಿ
ಮೆಣಸಿನಕಾಳಷ್ಟು ಅಯಸ್ಕಾಂತ,
ಒಂದೊಂದು ಕಾಲಾಳಿನ ಪಾದದಲ್ಲೂ.
ಹಲಗೆ ಅದನ್ನು ಮೂಸಿಯೇ ಗುರುತು ಹಿಡಿಯುವುದು.
ಮೂವತ್ತೆರಡು ಜನ ಸಾಲಾಗಿ ನಿಂತು
ಕೋಲಾರದ ಹೊತ್ತನ್ನು ಎಳೆಯುತ್ತಿದ್ದರು,
ಸ್ಪ್ರಿಂಗುಗಳು ಸುರುಳಿಗೆ ಸುರುಳಿ ಅಂಟಿ
ಉಸಿರು ಸಾಲದೆ ಓಡುತ್ತಿದ್ದವು.

ಬೆಲೆ ಕೇಳಿದ್ದೆ, ಮಟ್ಟ ಕೇಳಿದ್ದೆ, ಗ್ಯಾರಂಟಿ ಕೇಳಿದ್ದೆ.
ಒಳಗೇನಿದೆ ಎಂದು ಕೇಳಲಿಲ್ಲ,
ಒಳಗೇನಿದೆ ಎಂದು ನೋಡಿಯೇ ಅನ್ನ ತಿನ್ನುವವನು.
ಹನ್ನೊಂದು ಗಡಿಯಾರದ ಕಾಂತ ಬಿಟ್ಟಿಯಾಗಿ ಬಿಡಿಸಿಕೊಟ್ಟೆ.
ಸೀಲು ಒಡೆದಿದೆ ಅಂತ ರಘುಪತಿ ವಾಪಸು ತಗೊಳ್ಳಲಿಲ್ಲ.

ಎದುರು ಸಾಲಿನಲ್ಲಿ ಚೌಡಮ್ಮನ ಟೀ ಅಂಗಡಿ.
ನಡುವೆ ರಸ್ತೆ, ಎಂಟು ಮಾರು.
ಅಷ್ಟು ದೂರವಿದ್ದರೆ ಮುಳ್ಳಿಗೆ ಮತ್ತೆ ಉತ್ತರದ ನಿಷ್ಠೆ.
ಬಿಸ್ಕತ್ತಿನ ಡಬ್ಬಿಗಳ ಪಕ್ಕ ಹಲಗೆ ಕೂತಿತು.
ಏಳನೇ ಕ್ಲಾಸಿನ ಪಾವನಿ ಕಾಯಿ ಎತ್ತಿಡಲು ಒಪ್ಪಿದಳು,
ದಿನಕ್ಕೊಂದು ಕಡಲೆಮಿಠಾಯಿಗೆ.
ಆಟದ ಹೊತ್ತು ನಾಲ್ಕೂವರೆಗೆ ಸರಿಯಿತು.

ನಾನಿಲ್ಲಿ ಹಳೇ ಹಲಗೆಯ ಮುಂದೆ, ಅವಳಲ್ಲಿ.
ನಡುವೆ ಆಟೋ, ಟೊಮೆಟೊ ಟೆಂಪೋ, ಒಂದು ಹಸು.
'ಕುದುರೆ ಎಫ್ ಮೂರು!'
'ದೀಪ ಡಿ ಐದು, ಮಾಮ!'
ಮಟ್ಕಾ ನಂಬರು ಅಂದುಕೊಂಡು ಒಬ್ಬ
ಸಿಗರೇಟು ಪ್ಯಾಕಿನ ಮೇಲೆ ಬರೆದುಕೊಂಡ.

ಮೊನ್ನೆ 'ಕುದುರೆ ಇ ಐದು' ಅಂದೆ.
ಅವಳು ಇಡಲಿಲ್ಲ.
'ಬೇಡ ಮಾಮ. ಕುದುರೆ ಎತ್ತಿದರೆ ಹಿಂದಿರೋ ಮಂತ್ರಿ ಬಯಲು.'
'ದೀಪ ಹೇಳಿತಾ?'
'ದೀಪ ಇನ್ನೂ ಹತ್ತೇ ಇಲ್ಲ.'

ಲೂಪ್ ತೆಗೆದು ನೋಡಿದೆ.
ಕರಿ ಒಂಟೆ ಮೂಲೆಯಿಂದ ಓರೆಗಣ್ಣು ಬಿಟ್ಟಿತ್ತು.
ಸರಿ, ನೀನೇ ಹೇಳು ಅಂದೆ.
ಟೆಂಪೋ ಹಾದುಹೋಗುವವರೆಗೆ
ಅವಳು ಅಂದದ್ದು ಕೇಳಿಸಲಿಲ್ಲ.